ನಾಯಂಡಹಳ್ಳಿಯಲ್ಲಿ ನಿಲ್ಲುವ ರೈಲು



ಚಂದ್ರಾ ಲೇಔಟಿನಿಂದ ದಕ್ಷಿಣಕ್ಕೆ ನಡೆದುಹೋದರೆ, ಮೈಸೂರು ರಸ್ತೆಯ ಬಳಿ ನಾಯಂಡಹಳ್ಳಿ ರೈಲು ನಿಲ್ದಾಣ ಸಿಗುತ್ತದೆ. ಶತಾಬ್ದಿ, ವಂದೇ ಭಾರತ್ ಇಲ್ಲಿ ನಿಲ್ಲದೆ ಓಡುತ್ತವೆ. ‘ಮನೆಯ ಹತ್ತಿರವೇ ಹಳಿ ಇದ್ದೂ ರೈಲು ಯಾಕೆ ನಿಲ್ಲುವುದಿಲ್ಲ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಈ ಹಾದಿ ಹಳೆಯದು. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗವೂ ಒಂದು. 1882ರ ಹೊತ್ತಿಗೆ ಅದು ಮೈಸೂರು ಮುಟ್ಟಿತು. ಹಸಿದ ಹೊಟ್ಟೆಗಳು ಹೊತ್ತ ಮಣ್ಣು ಅದು. ರೈಲಿನಲ್ಲಿ ಕುಳಿತಾಗ ನಮಗೆ ಅದರ ನೆನಪಾಗುವುದು ಅಪರೂಪ.

ಅದು ಒಂಟಿ ಹಳಿಯ ಕಾಲ. ಎರಡು ನಿಲ್ದಾಣಗಳ ನಡುವೆ ಒಮ್ಮೆಗೆ ಒಂದೇ ಗಾಡಿ. ಎದುರಿನಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ಪ್ಯಾಸೆಂಜರ್ ಪಕ್ಕದ ಹಳಿಗೆ ಸರಿದು ಕಾಯಬೇಕು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬಂತು. ಜೋಡಿ ಹಳಿ ಮತ್ತು ವಿದ್ಯುದೀಕರಣ ಪೂರ್ಣಗೊಂಡ ಮಾರ್ಗವನ್ನು 2018ರ ಫೆಬ್ರವರಿಯಲ್ಲಿ ಲೋಕಾರ್ಪಣೆ ಮಾಡಲಾಯಿತು.

ಇನ್ನು ನಿಲ್ಲುವ ಪ್ರಶ್ನೆ. ನಿಲುಗಡೆ ಎಂದರೆ ಪ್ಲಾಟ್‌ಫಾರಂನಲ್ಲಿ ಕಳೆಯುವ ಒಂದು ನಿಮಿಷ ಮಾತ್ರವಲ್ಲ. ಮೊದಲು ವೇಗ ಇಳಿಸಬೇಕು, ಆಮೇಲೆ ಮತ್ತೆ ಏರಿಸಬೇಕು. ಹಿಂದೆ ಇಡೀ ಗಾಡಿಯ ಭಾರವನ್ನು ಮುಂದಿನ ಎಂಜಿನ್ ಒಂದೇ ಎಳೆಯುತ್ತಿತ್ತು, ಹಾಗಾಗಿ ವೇಗ ಬರುವುದು ನಿಧಾನ. ಮೆಮು ರೈಲಿನಲ್ಲಿ ಕೆಲವು ಬೋಗಿಗಳಲ್ಲೇ ಮೋಟಾರುಗಳಿವೆ. ಬಂಡಿಗೆ ಒಂದು ಜೊತೆ ಎತ್ತಿನ ಬದಲು ನಡುನಡುವೆಯೂ ಎತ್ತು ಕಟ್ಟಿದ ಹಾಗೆ! ಅದು ಬೇಗ ವೇಗ ಪಡೆಯುತ್ತದೆ. ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿಯಂತಹ ಹತ್ತಿರದ ನಿಲ್ದಾಣಗಳಲ್ಲಿ ನಿಂತು ಹೊರಡುವುದು ಅದಕ್ಕೆ ಸಲೀಸು. ತಮಾಷೆಯೆಂದರೆ, ಇಲ್ಲಿ ನಿಲ್ಲದ ವಂದೇ ಭಾರತ್ ಕೂಡ ಇದೇ ತತ್ವದ ಗಾಡಿ.

ಆದ್ದರಿಂದ ಎಕ್ಸ್‌ಪ್ರೆಸ್ಸನ್ನು ಇಲ್ಲಿ ನಿಲ್ಲಿಸಿ ಎಂದು ಕೇಳುವುದಕ್ಕಿಂತ, ನಿಲ್ಲುವ ರೈಲುಗಳನ್ನೇ ಹೆಚ್ಚಿಸಿ ಎಂದು ಕೇಳುವುದು ಮೇಲೆಂದು ನನ್ನ ಅಭಿಪ್ರಾಯ. 2020ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಉಪನಗರ ರೈಲು ಯೋಜನೆಯಲ್ಲಿ ಕೆಂಗೇರಿ–ವೈಟ್‌ಫೀಲ್ಡ್ ಮಾರ್ಗವೂ ಇದೆ. ‘ಪಾರಿಜಾತ’ ಎಂದು ಅದರ ಹೆಸರು. ಸಮಯಕ್ಕೆ ಸರಿಯಾಗಿ, ಮತ್ತೆ ಮತ್ತೆ ಬರುವ ಗಾಡಿಯಿದ್ದರೆ ಕಾಲೇಜಿಗೆ ಹೊರಟವರು ಬಸ್ಸಿನ ಬಾಗಿಲಲ್ಲಿ ಜೋತಾಡಬೇಕಾಗಿಲ್ಲ.

ಬಿಡುವಿದ್ದಾಗ ಗಡಿಯಾರ ಕಟ್ಟಿಕೊಂಡು ಒಮ್ಮೆ ನಾಯಂಡಹಳ್ಳಿಗೆ ಹೋಗಿ. ಪ್ಲಾಟ್‌ಫಾರಂ ಟಿಕೆಟ್ ಪಡೆದು, ಅಂಚಿನಿಂದ ದೂರ ನಿಂತು, ಮೆಮು ನಿಂತಲ್ಲಿಂದ ಹೊರಟು ಅದರ ಕೊನೆಯ ಬೋಗಿ ನಿಮ್ಮನ್ನು ದಾಟಲು ಎಷ್ಟು ಸೆಕೆಂಡು ಬೇಕೆಂದು ಬರೆದುಕೊಳ್ಳಿ.