ಹೆಗಲು ಮತ್ತು ಮಂಡಿ



ನಮ್ಮ ಕವಿಗಳು ವೀರರ ತೋಳನ್ನು ಮನದಣಿಯೆ ಹೊಗಳಿದ್ದಾರೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನ ತೊಡೆಗೂ ಕಾವ್ಯಗೌರವ ದೊರೆತಿದೆ. ಆದರೆ ತೋಳನ್ನು ಆಡಿಸುವ ಹೆಗಲಿನ ಕೀಲನ್ನಾಗಲಿ, ಮೈಭಾರವನ್ನು ತಾಳುವ ಮಂಡಿಯನ್ನಾಗಲಿ ನಾವು ನೆನೆಯುವುದು ಅವು ನೊಂದಾಗ ಮಾತ್ರ. ಭಾಷೆ ಅವುಗಳ ಬೆಲೆಯನ್ನು ಬಲ್ಲದು. ಕಷ್ಟದಲ್ಲಿ ನೆರವಾಗುವುದನ್ನು ‘ಹೆಗಲು ಕೊಡುವುದು’ ಎನ್ನುತ್ತೇವೆ. ಸೋತು ಶರಣಾಗುವುದನ್ನು ‘ಮಂಡಿಯೂರುವುದು’ ಎನ್ನುತ್ತೇವೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಎರಡು ಕೀಲುಗಳ ವಿಷಯದಲ್ಲಿ ಮೂಳೆ ವೈದ್ಯರು ಇಂದು ಹೇಳುವ ಮಾತು ಪ್ರತಿ ಮನೆಗೂ ತಿಳಿದಿರಬೇಕೆಂಬ ನಂಬಿಕೆಯಿಂದ ತಮ್ಮೊಡನೆ ಮಾತಾಡುತ್ತಿದ್ದೇನೆ.

ನಾನಿರುವುದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ. ಇದು ದುಡಿಮೆಯ ಸೀಮೆ. ರಾಜಾಜಿನಗರದ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ದಿನವಿಡೀ ನಿಂತವರು, ಮಾಗಡಿ ರಸ್ತೆಯ ಆಸುಪಾಸಿನ ಮಗ್ಗಗಳಲ್ಲಿ ದುಡಿದವರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊದುಬತ್ತಿ ಹೊಸೆದ ಹೆಂಗಸರು, ಇವರೆಲ್ಲ ಇಲ್ಲಿನ ನಿವಾಸಿಗಳು. ವಿಜಯನಗರ, ಬಸವೇಶ್ವರನಗರಗಳ ಸಣ್ಣ ನಿವೇಶನಗಳಲ್ಲಿ ಮನೆಯ ಮೇಲೆ ಮನೆ ಎದ್ದಿದೆ, ಮೆಟ್ಟಿಲುಗಳು ಕಡಿದು. ಮಂಡಿ ನೋಯತೊಡಗಿದ ಅಜ್ಜಿ ಮೊದಲು ದೇವಸ್ಥಾನಕ್ಕೆ ಹೋಗುವುದನ್ನು ಬಿಡುತ್ತಾರೆ, ಆಮೇಲೆ ತರಕಾರಿ ಅಂಗಡಿಗೆ ಹೋಗುವುದನ್ನು, ಕಡೆಗೆ ಕೆಳಗಿಳಿಯುವುದನ್ನೇ. ಹೆಗಲು ಹಿಡಿದ ತಾಯಿ ತನ್ನ ತಲೆ ತಾನು ಬಾಚಿಕೊಳ್ಳಲಾರದೆ ಸೊಸೆಯನ್ನು ಕರೆಯಬೇಕಾಗುತ್ತದೆ. ಈ ರೋಗಗಳು ಪ್ರಾಣ ತೆಗೆಯುವುದಿಲ್ಲ. ಮನುಷ್ಯನ ಸ್ವಾತಂತ್ರ್ಯವನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತವೆ.

ಇಲ್ಲಿ ನಮ್ಮನ್ನು ಕಾಡುವ ವೈರಿಗಳು ಎರಡು. ಒಂದು ಭಯ: ನೋಯುತ್ತದೆಂದು ಕೀಲನ್ನು ಆಡಿಸದೆ ಕಟ್ಟಿಡುವುದು. ಇನ್ನೊಂದು ಆತುರ: ಇಂದೇ ಚಿತ್ರ ತೆಗೆಸಿ, ಇಂದೇ ಸೂಜಿ ಚುಚ್ಚಿಸಿಕೊಂಡು, ನಾಳೆಯೇ ಗುಣವಾಗಬೇಕೆನ್ನುವುದು. ಒಳ್ಳೆಯ ವೈದ್ಯರ ಕ್ರಮ ಬೇರೆ. ಅವರು ಮೊದಲು ಕೇಳುತ್ತಾರೆ, ಆಮೇಲೆ ನೋಡುತ್ತಾರೆ, ಆಮೇಲೆ ಮುಟ್ಟಿ ಪರೀಕ್ಷಿಸುತ್ತಾರೆ, ಚಿತ್ರ ಕಡೆಗೆ.

ಹೆಗಲನ್ನು ತೆಗೆದುಕೊಳ್ಳಿ. ದೇಹದ ಕೀಲುಗಳಲ್ಲೆಲ್ಲ ಹೆಚ್ಚು ಚಲನೆಯುಳ್ಳದ್ದು ಇದು. ತೋಳಿನ ಮೂಳೆಯ ದುಂಡು ತಲೆ ಆಳವಿಲ್ಲದ ಒಂದು ತಟ್ಟೆಗೆ ಆತುಕೊಂಡಿದೆ. ಸುತ್ತಲಿನ ನಾಲ್ಕು ಸ್ನಾಯುಗಳ ರಜ್ಜುಗಳು ಅದನ್ನು ಹಿಡಿದಿಟ್ಟಿವೆ. ವೈದ್ಯರು ಮೊದಲು ರೋಗಿಗೆ ತೋಳೆತ್ತಲು ಹೇಳುತ್ತಾರೆ, ಬಳಿಕ ತಾವೇ ಎತ್ತಿ ನೋಡುತ್ತಾರೆ. ರೋಗಿ ಎತ್ತಲಾರದ ತೋಳು ವೈದ್ಯರ ಕೈಯಲ್ಲಿ ಸಲೀಸಾಗಿ ಏಳುವುದಾದರೆ ದೋಷ ಬಹುಮಟ್ಟಿಗೆ ರಜ್ಜುವಿನಲ್ಲಿದೆ. ಯಾರು ಎತ್ತಿದರೂ ಏಳದು, ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈಯನ್ನು ಹೊರಕ್ಕೆ ತಿರುಗಿಸಲೂ ಆಗದು, ಎಕ್ಸ್‌ರೇಯಲ್ಲಿ ಸವೆತವೂ ಕಾಣದು ಎಂದಾದರೆ ಕೀಲನ್ನು ಸುತ್ತುವರಿದ ಚೀಲವೇ ಬಿಗಿದುಕೊಂಡಿದೆ. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಇದನ್ನು ‘ಫ್ರೋಜನ್ ಶೋಲ್ಡರ್’ ಎಂದು ಕರೆದರು. ಹಿಮ ಕಾಣದ ನಾಡಿನ ನಮಗೆ ‘ಹೆಗಲು ಹಿಡಿದುಕೊಂಡಿದೆ’ ಎಂಬ ಮಾತೇ ಸಾಕು.

ಈ ರೋಗ ಸಾಮಾನ್ಯವಾಗಿ 40ರಿಂದ 60ರ ವಯಸ್ಸಿನಲ್ಲಿ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಆದ್ದರಿಂದ ಹೆಗಲು ಹಿಡಿದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಬೇಕು. ಮೊದಲು ನೋವು, ಅನಂತರ ಬಿಗಿತ, ಆಮೇಲೆ ನಿಧಾನವಾದ ಸಡಿಲಿಕೆ: ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು, ಕೆಲವರಲ್ಲಿ ಅಲ್ಪಸ್ವಲ್ಪ ಬಿಗಿತ ಉಳಿಯುವುದೂ ಉಂಟು. ಪಟ್ಟು ಹಾಕಿ ತೋಳನ್ನು ವಾರಗಟ್ಟಲೆ ಕಟ್ಟಿಟ್ಟರೆ ಬಿಗಿತ ಹೆಚ್ಚುವುದೇ ಹೊರತು ಕಡಿಮೆಯಾಗದು. ಮುಂದಕ್ಕೆ ಬಾಗಿ ಒಂದು ಕೈಯನ್ನು ಮೇಜಿಗೆ ಆನಿಸಿ, ನೋಯುವ ತೋಳನ್ನು ಗಡಿಯಾರದ ಲೋಲಕದಂತೆ ತೂಗಬಿಡುವುದು ಕಾಡ್‌ಮನ್ ಹೆಸರಿನಲ್ಲಿಯೇ ಪ್ರಸಿದ್ಧವಾದ ವ್ಯಾಯಾಮ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸುವುದು ಇನ್ನೊಂದು. ನೋವು ತೀವ್ರವಾಗಿರುವ ಮೊದಲ ತಿಂಗಳುಗಳಲ್ಲಿ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಸೂಜಿ ನಿಜಕ್ಕೂ ನೆರವಾಗುತ್ತದೆ. ಆದರೆ ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರುವುದರಿಂದ ಎಚ್ಚರ ಬೇಕು.

ಹೆಗಲಿನಲ್ಲಿ ಕಾಣುವ ನೋವೆಲ್ಲ ಹೆಗಲಿನದಲ್ಲ ಎಂಬುದನ್ನೂ ಮರೆಯಬಾರದು. ನೋವು ಮೊಣಕೈ ದಾಟಿ ಬೆರಳಿಗಿಳಿದು ಜೋಮು ಹಿಡಿದರೆ ಮೂಲ ಕುತ್ತಿಗೆಯಲ್ಲಿರಬಹುದು. ಎದೆಯ ಬಿಗಿತ, ಬೆವರು, ಏದುಸಿರಿನೊಡನೆ ಹೆಗಲು ನೊಂದರೆ ಎಣ್ಣೆ ತಿಕ್ಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಅದು ಹೃದಯದ ಕರೆಯಾಗಿರಬಹುದು.

ಮಂಡಿಯ ಕತೆಯೂ ಹೀಗೆಯೇ, ಪ್ರಶ್ನೆಗಳಿಂದ ಆರಂಭವಾಗುತ್ತದೆ. ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಿಂದ ಏಳುವಾಗ ಮುಂಭಾಗ ನೊಂದರೆ ಮಂಡಿಚಿಪ್ಪಿನ ತೊಂದರೆ. ಕಬಡ್ಡಿಯಲ್ಲೋ ಸ್ಕೂಟರಿನಿಂದ ಬಿದ್ದೋ ತಿರುಚಿ, ಒಂದೆರಡು ಗಂಟೆಯೊಳಗೆ ಊದಿಕೊಂಡು, ಮುಂದೆ ನಡೆಯುವಾಗ ಕಾಲು ಕೈಕೊಟ್ಟಂತಾದರೆ ಒಳಗಿನ ರಜ್ಜು ಹರಿದಿರಬಹುದು. ಮಡಿಸಿದ ಮಂಡಿ ಸಿಕ್ಕಿಕೊಂಡು ನೀಡಲಾಗದಿದ್ದರೆ ಮೂಳೆಗಳ ನಡುವಣ ಮೆತ್ತೆ ಹರಿದಿರಬಹುದು. ಐವತ್ತು ದಾಟಿದವರಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಬಿಗಿತ, ನಡೆದಂತೆ ನೋವು, ಒಳಮಗ್ಗುಲಿನಲ್ಲಿ ಹೆಚ್ಚು ಎಂದರೆ ಸವೆತವೇ ಬಹುಪಾಲು ಕಾರಣ. ಜ್ವರದೊಡನೆ ಮಂಡಿ ಕೆಂಪಾಗಿ ಬಿಸಿಯಾಗಿ ಊದಿದರೆ ಮಾತ್ರ ಒಂದು ದಿನವೂ ಕಾಯಬಾರದು.

ಚಿತ್ರಗಳ ಮೇಲಿನ ನಮ್ಮ ಭಕ್ತಿಗೆ ಒಂದು ಮಿತಿ ಬೇಕು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 50ರಿಂದ 90 ವಯಸ್ಸಿನ 991 ಜನರ ಮಂಡಿಗಳನ್ನು ಎಂ.ಆರ್.ಐ. ಯಂತ್ರದಿಂದ ನೋಡಿ 2008ರಲ್ಲಿ ವರದಿ ಪ್ರಕಟಿಸಿದರು. ಮೆತ್ತೆ ಹರಿದಿದ್ದವರಲ್ಲಿ 61 ಶೇಕಡ ಮಂದಿಗೆ ಹಿಂದಿನ ತಿಂಗಳಲ್ಲಿ ನೋವೇ ಇರಲಿಲ್ಲ. ಹರಿದದ್ದು ಚಿತ್ರದಲ್ಲಿ ಕಂಡಿತೆಂದ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದೂ, ಅದನ್ನು ಕತ್ತರಿಸಲೇಬೇಕೆಂದೂ ಅರ್ಥವಲ್ಲ. 2002ರಲ್ಲಿ ಹ್ಯೂಸ್ಟನ್ನಿನ ವೈದ್ಯರು ಸವೆದ ಮಂಡಿಯನ್ನು ದುರ್ಬೀನಿನಿಂದ ತೊಳೆದು ಕೆರೆಯುವ ಚಿಕಿತ್ಸೆಯನ್ನು ಬರಿಯ ಚರ್ಮ ಕೊಯ್ದು ಹೊಲಿದ ನಟನೆಯೊಡನೆ ಹೋಲಿಸಿದರು. ಎರಡರಲ್ಲೂ ಫಲ ಒಂದೇ ಆಯಿತು. ಎಕ್ಸ್‌ರೇ ಬೇಕಾದರೂ ನಿಂತುಕೊಂಡು ತೆಗೆಸಬೇಕು. ಮಲಗಿದಾಗ ಮಂಡಿಯ ಸವೆತ ಮರೆಯಾಗಬಹುದು.

ಹಾಗಾದರೆ ಮದ್ದೇನು? ತೊಡೆಯ ಮುಂಭಾಗದ ಸ್ನಾಯುವೇ ಮಂಡಿಯ ಕಾವಲುಗಾರ. ಮಂಡಿಯ ಕೆಳಗೆ ಸುತ್ತಿದ ಟವಲ್ಲಿಟ್ಟು ಒತ್ತಿ ಐದು ಎಣಿಸುವವರೆಗೆ ಹಿಡಿಯುವುದು, ಕಾಲನ್ನು ನೇರವಾಗಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು: ಇವನ್ನು ದಿನವೂ, ತಿಂಗಳುಗಟ್ಟಲೆ ಮಾಡಬೇಕು. ಮೈಯ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಊರುಗೋಲನ್ನು ನೋಯುವ ಮಂಡಿಯ ಎದುರು ಕೈಯಲ್ಲಿ ಹಿಡಿಯಬೇಕು. ಹಲವರು ಹಿಡಿಯುವುದು ತಪ್ಪು ಕೈಯಲ್ಲಿ. ನೋವಿನ ಮಾತ್ರೆಗಳು ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಬಲ್ಲವಾದ್ದರಿಂದ ವೈದ್ಯರನ್ನು ಕೇಳದೆ ನುಂಗಬಾರದು. ಹೆಸರಿಲ್ಲದ ಪೊಟ್ಟಣದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅವುಗಳ ಮಾಯೆಗೆ ಮರುಳಾಗಬಾರದು.

ಇಷ್ಟೆಲ್ಲ ಮಾಡಿಯೂ ರಾತ್ರಿಯ ನಿದ್ದೆ ಕೆಟ್ಟು, ನಡಿಗೆ ನಾಲ್ಕು ಹೆಜ್ಜೆಗೆ ಇಳಿದರೆ ಕೃತಕ ಮಂಡಿಯ ಶಸ್ತ್ರಚಿಕಿತ್ಸೆ ದೊಡ್ಡ ವರವೇ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಿಡಿಭಾಗಗಳ ಬೆಲೆಗೆ ಮಿತಿ ವಿಧಿಸಿದ್ದು ಮಧ್ಯಮವರ್ಗದವರಿಗೆ ನೆಮ್ಮದಿ ತಂದಿತು. ಆದರೆ ಆ ಬಳಿಕವೂ ವ್ಯಾಯಾಮ ತಪ್ಪಿದ್ದಲ್ಲ. ನೆಲದ ಮೇಲೆ ಕುಕ್ಕರಿಸುವ ಅಭ್ಯಾಸವನ್ನು ಅನೇಕರು ಬಿಡಬೇಕಾಗುತ್ತದೆ. ಅದನ್ನು ಮೊದಲೇ ತಿಳಿದು ಒಪ್ಪಿಕೊಳ್ಳುವುದು ಒಳಿತು.

ಕೊನೆಯದಾಗಿ, ಮನೆಯ ಕಿರಿಯರಲ್ಲಿ ಒಂದು ಬಿನ್ನಹ. ಹಿರಿಯರು ಮಂಡಿ ನೋವೆಂದಾಗ ‘ವಯಸ್ಸಾಯಿತು, ಸುಮ್ಮನೆ ಕೂತಿರಿ’ ಎನ್ನಬೇಡಿ. ಪ್ರೀತಿಯಿಂದ ಆಡಿದ ಆ ಮಾತು ಅವರನ್ನು ಕೋಣೆಗೆ ಕಟ್ಟಿಹಾಕುತ್ತದೆ. ಮೆಟ್ಟಿಲಿಗೆ ಒಂದು ಹಿಡಿಕಂಬಿ ಹಾಕಿಸಿ, ಸ್ನಾನದ ಮನೆಯಲ್ಲಿ ಒಂದು ಕುರ್ಚಿ ಇಡಿ, ಸಂಜೆ ಅವರ ಜೊತೆಯಲ್ಲಿ ಬೀದಿಯ ಕೊನೆಯವರೆಗೆ ನಡೆದು ಬನ್ನಿ.