ಗಾಂಜಾ: ಹುಡುಗರನ್ನು ಬೈಯುವ ಮೊದಲು
(ಸಾದಲಿಯಲ್ಲಿ ಆಡಿದ ಮಾತು)



ನಮ್ಮ ಹುಡುಗರು ಗಾಂಜಾ ಸೇದುತ್ತಾರೆಂಬ ದೂರನ್ನು ಅಂಗಡಿಯ ಕಟ್ಟೆಯಲ್ಲೂ ಕೇಳುತ್ತೇವೆ, ರೇಷ್ಮೆ ನೂಲು ಬಿಚ್ಚುವ ಫಿಲೇಚರಿನಲ್ಲೂ ಕೇಳುತ್ತೇವೆ. ಎಲ್ಲರ ತೀರ್ಪೂ ಒಂದೇ: ಕೆಟ್ಟರು, ಹಿಡಿದುಕೊಡಿ. ಈ ತೀರ್ಪು ಹಳೆಯದು. ಎಷ್ಟು ಹಳೆಯದೆಂದು ತಿಳಿಯಲು ಆಫ್ರಿಕದ ತನಕ ಹೋಗಬೇಕು.

1860ರಲ್ಲಿ ಟ್ರೂರೋ ಎಂಬ ಹಡಗು ಮದರಾಸಿನಿಂದ ಕೂಲಿಗಳನ್ನು ತುಂಬಿಕೊಂಡು ದಕ್ಷಿಣ ಆಫ್ರಿಕದ ನಟಾಲಿಗೆ ಹೋಯಿತು. ಕಬ್ಬಿನ ತೋಟಗಳಲ್ಲಿ ವರ್ಷಗಟ್ಟಲೆ ದುಡಿಯುವ ಕರಾರು. ಗಾಂಜಾ ಆ ನಾಡಿನಲ್ಲಿ ಮೊದಲೇ ಇತ್ತು. ಅಲ್ಲಿನವರು ಡಗ್ಗ ಎನ್ನುತ್ತಿದ್ದರು. ಹತ್ತೇ ವರ್ಷದಲ್ಲಿ, 1870ರಲ್ಲಿ, ಕೂಲಿಗಳು ಅದನ್ನು ಸೇದಬಾರದು, ಇಟ್ಟುಕೊಳ್ಳಬಾರದು, ಅವರಿಗೆ ಯಾರೂ ಮಾರಬಾರದೆಂದು ಅಲ್ಲಿನ ಸರ್ಕಾರ ಕಾನೂನು ಮಾಡಿತು. ಕಾನೂನಿನಲ್ಲಿ ಹೆಸರು ಹಿಡಿದು ಬರೆದದ್ದು ‘ಕೂಲಿ’ ಎಂದೇ! ಆಳು ಮಂಕಾದರೆ ಕಬ್ಬು ಕಡಿಯುವವರಾರು? ಧಣಿಗಳ ಚಿಂತೆ ಅಷ್ಟೇ.

ನೈಜೀರಿಯದಲ್ಲಿ 1966ರ ಸೈನಿಕ ಸರ್ಕಾರ ಗಾಂಜಾ ಬೆಳೆದವನಿಗೆ ಮರಣದಂಡನೆಯನ್ನೂ ವಿಧಿಸಬಹುದೆಂದಿತು. ಹಳ್ಳಿ ಬಿಟ್ಟು ಪಟ್ಟಣ ಸೇರಿ ಕೆಲಸ ಕಾಣದೆ ಅಲೆಯುವ ತರುಣನಿಗೆ ಆ ಕಾನೂನು ಕೆಲಸ ಕೊಡಲಿಲ್ಲ, ಗಾಂಜಾವೂ ಹೋಗಲಿಲ್ಲ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯವಂತೂ ವಯಸ್ಕರು ಖಾಸಗಿಯಾಗಿ ಸೇದುವುದು ಅಪರಾಧವಲ್ಲವೆಂದು 2018ರಲ್ಲಿ ತೀರ್ಪಿತ್ತಿತು.

ಇನ್ನು ನಮ್ಮ ಕಡೆ. ಬೈರಾಗಿಗಳ ಚಿಲುಮೆಯನ್ನು ಹಿರಿಯರು ಕಂಡವರೇ, ಊರೇನೂ ಮುಳುಗಲಿಲ್ಲ. ಆಗ ಹಿಪ್ಪುನೇರಳೆ ತೋಟ, ಹುಳು, ಚಂದ್ರಿಕೆ, ಎಲ್ಲವೂ ಮನೆಮಂದಿಯ ದುಡಿಮೆ. ಹುಡುಗ ಹಿರಿಯರ ಕಣ್ಣೆದುರಿಗಿದ್ದ. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿಯಿತು. ಹೀಗೆ ಬೇಸತ್ತು ಬೆಂಗಳೂರಿನ ಬಸ್ಸು ಹತ್ತಿದವನ ಬಾಡಿಗೆ ಕೋಣೆಯಲ್ಲಿ ಉಂಡೆಯಾ ಎಂದು ಕೇಳುವವರಿಲ್ಲ. ಗಾಂಜಾ ಕೊಡುವವನು ಮಾತ್ರ ಇದ್ದಾನೆ.

ಗಾಂಜಾ ನಿರಪಾಯವೆಂದು ನಾವು ಹೇಳುವುದಿಲ್ಲ. ಎಳೆಯ ವಯಸ್ಸಿನಲ್ಲಿ ಹಿಡಿದ ಚಟ ಕೆಲವರ ಬುದ್ಧಿಯನ್ನೇ ಕೆಡಿಸುತ್ತದೆ. ಕುದಿನೀರಿನ ತೊಟ್ಟಿಯೆದುರು ಮಂಪರಿನಲ್ಲಿ ಕುಳಿತವನ ಕೈ ಬೇಯುತ್ತದೆ. ಆದರೆ 1985ರ ಮಾದಕ ವಸ್ತು ಕಾನೂನಿನ 64ಎ ಕಲಮನ್ನು ಎಷ್ಟು ಮಂದಿ ಬಲ್ಲರು? ಅಲ್ಪ ಪ್ರಮಾಣದ ಕೇಸಿಗೆ ಸಿಕ್ಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ಪಾರಾಗಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ವ್ಯಾಪಾರಿ ಬಂಧುಗಳು ಎಳೆಯ ಹುಡುಗರಿಗೆ ಸುತ್ತುವ ಕಾಗದ ಮಾರುವುದನ್ನು ಇಂದೇ ನಿಲ್ಲಿಸಲಿ. ಚಟ ಹಿಡಿದ ಹುಡುಗನನ್ನು ಕೆಲಸದಿಂದ ತೆಗೆಯುವ ಮೊದಲು ಆಸ್ಪತ್ರೆಗೆ ಹೋಗಿಬರಲು ಕೂಲಿಸಹಿತ ರಜೆ ಕೊಡಿರೆಂದು ಫಿಲೇಚರ್ ಮಾಲೀಕರನ್ನು ನಾವೆಲ್ಲ ಒಟ್ಟಾಗಿ ಕೇಳೋಣ.