‘ಅಲ್ಲ’ ಎಂಬ ಒಂದು ಉತ್ತರ

ಫಾರಂ ಭರ್ತಿ ಮಾಡುವುದು ನಮಗಾರಿಗೂ ಹೊಸದಲ್ಲ. ರೇಷನ್ ಕಾರ್ಡಿಗೆ ಒಂದು, ಬ್ಯಾಂಕಿಗೆ ಒಂದು, ಮಕ್ಕಳನ್ನು ಶಾಲೆಗೆ ಸೇರಿಸುವುದಕ್ಕೆ ಒಂದು. ಹೀಗೆ ವರ್ಷಕ್ಕೆ ಹಲವು ಫಾರಮುಗಳಿಗೆ ನಾವು ರುಜು ಹಾಕುತ್ತೇವೆ. ‘ಮೇಲೆ ಬರೆದುದೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂದು ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಸಾಲನ್ನು ಓದಿ ರುಜು ಹಾಕುವವರು ಎಷ್ಟು ಮಂದಿ? ನಾನೇ ಎಷ್ಟೋ ಸಲ ಓದಿಲ್ಲವೆಂದು ಒಪ್ಪಿಕೊಳ್ಳಬೇಕು. ಅಂಥದೊಂದು ಫಾರಮಿನಲ್ಲಿ ಒಂದು ಪ್ರಶ್ನೆಗೆ ‘ಅಲ್ಲ’ ಎಂದು ಗುರುತು ಹಾಕಿದುದರಿಂದ ಒಬ್ಬ ಮನುಷ್ಯ ಅಪರಾಧಿಯೆನಿಸಿದ. ಆತನ ತಂದೆ, ಒಂದು ದೊಡ್ಡ ರಾಷ್ಟ್ರದ ಅಧ್ಯಕ್ಷರು, ಲೋಕಕ್ಕೆ ಕೊಟ್ಟ ಮಾತನ್ನು ಮುರಿದರು. ಆ ಸಂಗತಿಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ತೀರದಲ್ಲಿ ಡೆಲವೇರ್ ಎಂಬ ಪುಟ್ಟ ರಾಜ್ಯವಿದೆ. ಅಲ್ಲಿನ ವಿಲ್ಮಿಂಗ್ಟನ್ ನಗರದ ಒಂದು ಬಂದೂಕಿನ ಅಂಗಡಿಗೆ 2018ರ ಅಕ್ಟೋಬರ್ 12ರಂದು ಹಂಟರ್ ಬೈಡನ್ ಎಂಬಾತ ಬಂದ. ವಯಸ್ಸು 48. ಆತನ ತಂದೆ ಜೋ ಬೈಡನ್ನರು ಹಿಂದೆ ಉಪಾಧ್ಯಕ್ಷರಾಗಿದ್ದವರು. ಅಧ್ಯಕ್ಷರಾಗುವುದಕ್ಕೆ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲವಿತ್ತು. ಹಂಟರ್ ಆರಿಸಿಕೊಂಡದ್ದು ‘ಕೋಲ್ಟ್ ಕೋಬ್ರಾ’ ಎಂಬ ರಿವಾಲ್ವರು.

ಆ ದೇಶದಲ್ಲಿ ಪರವಾನಗಿ ಪಡೆದ ವ್ಯಾಪಾರಿಯಿಂದ ಬಂದೂಕು ಕೊಳ್ಳುವವರು 4473 ಎಂಬ ಸಂಖ್ಯೆಯ ಫಾರಮನ್ನು ತುಂಬಬೇಕು. ಅಂದಿನ ಫಾರಮಿನಲ್ಲಿ ಒಂದು ಪ್ರಶ್ನೆಯ ಭಾವ ಇದು: ನೀವು ಗಾಂಜಾ ಮೊದಲಾದ ಮಾದಕ ವಸ್ತುಗಳನ್ನು ಕಾನೂನಿಗೆ ವಿರುದ್ಧವಾಗಿ ಬಳಸುವವರೆ, ಅಥವಾ ಅವುಗಳ ವ್ಯಸನಿಯೆ? ಹಂಟರ್ ‘ಅಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿ ರುಜು ಮಾಡಿದ. ಕೊಳ್ಳುವವರ ಹೆಸರನ್ನು ಸರ್ಕಾರದ ದಾಖಲೆಗಳಲ್ಲಿ ಕೂಡಲೇ ಹುಡುಕಿ ನೋಡುವ ವ್ಯವಸ್ಥೆ ಅಲ್ಲಿ 1998ರಿಂದ ಇದೆ. ಆದರೆ ದಾಖಲೆಯಲ್ಲಿ ಸಿಗುವುದು ದಾಖಲಾದದ್ದು ಮಾತ್ರ. ಒಬ್ಬನು ಮನೆಯ ಬಾಗಿಲು ಮುಚ್ಚಿಕೊಂಡು ಏನು ಸೇವಿಸುತ್ತಾನೆಂಬುದು ಯಾವ ಕಡತದಲ್ಲಿ ಇದ್ದೀತು? ಅಲ್ಲಿಗೆ ಕಾನೂನು ಕೊಳ್ಳುವವನ ಮಾತನ್ನೇ ನಂಬಿ ನಿಂತಿದೆ. ಮಾದಕ ವಸ್ತು ಬಳಸುವವರಿಗೆ ಬಂದೂಕು ಸಲ್ಲದೆಂಬ ನಿಷೇಧ 1968ರ ಬಂದೂಕು ನಿಯಂತ್ರಣ ಕಾಯಿದೆಯಿಂದ ಬಂದದ್ದು.

ಆ ರಿವಾಲ್ವರು ಹಂಟರನ ಬಳಿ ಇದ್ದದ್ದು ಕೇವಲ ಹನ್ನೊಂದು ದಿನ. ಅಕ್ಟೋಬರ್ 23ರಂದು ಅವನ ತೀರಿಹೋದ ಅಣ್ಣನ ಹೆಂಡತಿ ಅವನ ವಾಹನದಲ್ಲಿ ಅದನ್ನು ಕಂಡು ಗಾಬರಿಗೊಂಡು, ಒಂದು ದಿನಸಿ ಅಂಗಡಿಯ ಹೊರಗಿನ ಕಸದ ತೊಟ್ಟಿಯಲ್ಲಿ ಎಸೆದಳು. ಕಸ ಆಯುವ ಮುದುಕನೊಬ್ಬ ಅದನ್ನು ಮನೆಗೆ ಒಯ್ದ. ಪೊಲೀಸರು ಅವನಿಂದ ಅದನ್ನು ಪಡೆದರು. ಅದರಿಂದ ಯಾರಿಗೂ ಗಾಯವಾಗಲಿಲ್ಲ. ಅಲ್ಲಿಗೆ ಮುಗಿಯಬಹುದಾಗಿದ್ದ ಕಥೆ ಮುಗಿಯಲಿಲ್ಲ.

2023ರಲ್ಲಿ, ತಂದೆ ಅಧ್ಯಕ್ಷರಾಗಿದ್ದಾಗ, ಒಂದು ರಾಜಿ ಏರ್ಪಟ್ಟಿತ್ತು. ತೆರಿಗೆ ಕಟ್ಟದ ಎರಡು ಸಣ್ಣ ತಪ್ಪುಗಳನ್ನು ಹಂಟರ್ ಒಪ್ಪಿಕೊಳ್ಳುವುದು, ಷರತ್ತುಗಳಿಗೆ ಬದ್ಧನಾಗಿ ನಡೆದರೆ ಬಂದೂಕಿನ ಆಪಾದನೆಯನ್ನು ಕೈಬಿಡುವುದು ಎಂದು. ಜುಲೈ 26ರಂದು ನ್ಯಾಯಾಧೀಶೆ ಮೇರಿಎಲೆನ್ ನೊರೇಕಾ ಅವರು, ಈ ಒಪ್ಪಂದದಿಂದ ಮುಂದಿನ ಯಾವ ಯಾವ ಆಪಾದನೆಗಳಿಂದ ಈತನಿಗೆ ರಕ್ಷಣೆ ಸಿಗುತ್ತದೆಂದು ಕೇಳಿದರು. ಎರಡು ಪಕ್ಷಗಳೂ ಎರಡು ಉತ್ತರ ಕೊಟ್ಟವು. ರಾಜಿ ಮುರಿದುಬಿತ್ತು. ಸೆಪ್ಟೆಂಬರಿನಲ್ಲಿ ವಿಶೇಷ ಅಭಿಯೋಜಕ ಡೇವಿಡ್ ವೈಸ್ ಅವರು ಮೂರು ಆಪಾದನೆಗಳನ್ನು ಹೊರಿಸಿದರು: ವ್ಯಾಪಾರಿಗೆ ಸುಳ್ಳು ಹೇಳಿದ್ದು, ವ್ಯಾಪಾರಿ ಇಡಬೇಕಾದ ದಾಖಲೆಯಲ್ಲಿ ಸುಳ್ಳು ಬರೆದದ್ದು, ಮಾದಕ ವಸ್ತು ಬಳಸುವವನಾಗಿ ಬಂದೂಕು ಇಟ್ಟುಕೊಂಡದ್ದು. ಮೂರಕ್ಕೂ ಕೂಡಿ ಗರಿಷ್ಠ ಶಿಕ್ಷೆ 25 ವರ್ಷ ಸೆರೆವಾಸ. ಇನ್ನೊಂದು ಸಂಗತಿ: ಇಂಥ ನಿಷಿದ್ಧರು ಬಂದೂಕು ಇಟ್ಟುಕೊಂಡರೆ ವಿಧಿಸಬಹುದಾದ ಸೆರೆವಾಸವನ್ನು ಹತ್ತು ವರ್ಷದಿಂದ ಹದಿನೈದಕ್ಕೆ ಏರಿಸಿದ 2022ರ ಕಾಯಿದೆಗೆ ರುಜು ಹಾಕಿದವರು ತಂದೆ ಬೈಡನ್ನರೇ. ಮಗನ ಕೃತ್ಯ ಅದಕ್ಕೆ ಹಿಂದಿನದಾದ್ದರಿಂದ ಹಳೆಯ ಹತ್ತು ವರ್ಷದ ಲೆಕ್ಕವೇ ಅನ್ವಯವಾಯಿತು.

2024ರ ಜೂನ್ 3ರಂದು ವಿಲ್ಮಿಂಗ್ಟನ್ನಿನಲ್ಲಿ ವಿಚಾರಣೆ ಆರಂಭವಾಯಿತು. ಅಧಿಕಾರದಲ್ಲಿರುವ ಅಧ್ಯಕ್ಷರೊಬ್ಬರ ಮಗ ಆಪಾದಿತನಾಗಿ ಜ್ಯೂರಿಯ ಮುಂದೆ ಕುಳಿತದ್ದು ಅದೇ ಮೊದಲು. ಜ್ಯೂರಿಗೆ ಜನರನ್ನು ಆರಿಸುವಾಗ, ಕರೆಸಿದ್ದವರಲ್ಲಿ ಹಲವರು ತಮ್ಮ ಬಂಧುಗಳಲ್ಲಿಯೋ ಸ್ನೇಹಿತರಲ್ಲಿಯೋ ಮಾದಕ ವ್ಯಸನಕ್ಕೆ ಸಿಕ್ಕಿದವರಿದ್ದಾರೆಂದು ಹೇಳಿದರು. ಆ ದೇಶದಲ್ಲಿ ಈ ಪಿಡುಗು ಎಷ್ಟು ಮನೆಗಳ ಹೊಸ್ತಿಲು ದಾಟಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ವಾದವನ್ನು ನೋಡಿ. ಹಂಟರ್ 2021ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದ್ದ. ಅದರಲ್ಲಿ ಕೊಕೇನಿನ ಒಂದು ಉಗ್ರರೂಪವಾದ ‘ಕ್ರ್ಯಾಕ್’ಗೆ ತಾನು ದಾಸನಾದುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದ, ಅದನ್ನು ತಾನೇ ಓದಿ ಧ್ವನಿಮುದ್ರಿಸಿಯೂ ಇದ್ದ. ಸರ್ಕಾರದ ವಕೀಲರು ಆ ಧ್ವನಿಯನ್ನೇ ನ್ಯಾಯಾಲಯದಲ್ಲಿ ಕೇಳಿಸಿದರು. ಆಪಾದಿತ ಸಾಕ್ಷಿಕಟ್ಟೆ ಹತ್ತಲಿಲ್ಲ. ಅವನ ದನಿ ಹತ್ತಿತು. ತನ್ನಂತೆ ಬಿದ್ದವರು ಎದ್ದಾರೆಂದು ಬರೆದುಕೊಂಡ ಮಾತು ತನ್ನ ಮೇಲಿನ ಸಾಕ್ಷ್ಯವಾಯಿತು. ರೇಡಿಯೋ ಕೇಳುವ ನಿಮಗೆ ಹೇಳಬೇಕಾದ್ದಿಲ್ಲ, ಅಚ್ಚಿನ ಅಕ್ಷರಕ್ಕಿಂತ ಮನುಷ್ಯನ ದನಿ ಎಷ್ಟು ಬೇಗ ಒಳಕ್ಕೆ ಇಳಿಯುತ್ತದೆಂಬುದು. ಬಂದೂಕು ಕೊಂಡ ಮಾರನೆಯ ದಿನವೂ ಅದರ ಮಾರನೆಯ ದಿನವೂ ಅವನು ಕಳಿಸಿದ ಸಂದೇಶಗಳನ್ನು ಓದಿದರು. ಒಂದರಲ್ಲಿ ಮಾದಕ ಮಾರುವವನಿಗಾಗಿ ಕಾಯುತ್ತಿದ್ದೇನೆಂದಿತ್ತು, ಇನ್ನೊಂದರಲ್ಲಿ ಕ್ರ್ಯಾಕ್ ಸೇದುತ್ತಿದ್ದೇನೆಂದು. ರಿವಾಲ್ವರಿನೊಡನೆ ಸಿಕ್ಕ ತೊಗಲಿನ ಚೀಲದಲ್ಲಿ ಕೊಕೇನಿನ ಅಂಶ ಕಂಡಿತೆಂದು ರಸಾಯನ ಪರೀಕ್ಷಕರು ನುಡಿದರು. ಮಾಜಿ ಪತ್ನಿಯೂ ಅತ್ತಿಗೆಯೂ ಸಾಕ್ಷಿ ಹೇಳಿದರು.

ಹಂಟರನ ವಕೀಲ ಅಬ್ಬಿ ಲೋವೆಲ್ ಅವರ ವಾದ ವ್ಯಾಕರಣದ ಮೇಲೆ ನಿಂತಿತ್ತು. ಪ್ರಶ್ನೆ ವರ್ತಮಾನ ಕಾಲದಲ್ಲಿದೆ: ‘ವ್ಯಸನಿಯಾಗಿದ್ದಿರೆ’ ಎಂದಲ್ಲ, ‘ವ್ಯಸನಿಯೆ’ ಎಂದು. ಆ ಆಗಸ್ಟಿನಲ್ಲಿ ಈತ ಚಿಕಿತ್ಸೆ ಪಡೆದಿದ್ದ. ಅಕ್ಟೋಬರ್ 12ರಂದು ತಾನು ವ್ಯಸನಿಯೆಂದು ಭಾವಿಸಿರಲಿಲ್ಲ. ತಿಳಿದೂ ಹೇಳಿದರೆ ತಾನೆ ಸುಳ್ಳು? ಸಂದೇಶಗಳೂ ಅಂದು ಎಲ್ಲಿದ್ದೇನೆಂಬುದನ್ನು ಮರೆಮಾಚಲು ಬರೆದವಿರಬಹುದು. ಮಗಳೂ ಬಂದು, ತಾನು ನೋಡಿದಾಗ ತಂದೆ ಚೆನ್ನಾಗಿದ್ದರೆಂದು ಸಾಕ್ಷ್ಯ ನುಡಿದಳು.

ವರ್ಷಗಟ್ಟಲೆ ವ್ಯಾಕರಣ ಪಾಠ ಹೇಳಿದವನಿಗೆ ಈ ವಾದ ಓದಿದಾಗ ತರಗತಿಯ ನೆನಪಾಯಿತು. ‘ರಾಮನು ಹಾಲು ಕುಡಿಯುತ್ತಾನೆ’ ಎಂದರೆ ಈ ಗಳಿಗೆ ಲೋಟ ಅವನ ತುಟಿಯಲ್ಲಿದೆ ಎಂದೂ ಆಗಬಹುದು; ಹಾಲು ಕುಡಿಯುವುದು ಅವನ ರೂಢಿ ಎಂದೂ ಆಗಬಹುದು. ಒಮ್ಮೆ ಶಾಲೆಯ ಹಿತ್ತಿಲಲ್ಲಿ ಒಬ್ಬ ಹುಡುಗನನ್ನು ‘ಬೀಡಿ ಸೇದುತ್ತೀಯೇನೋ?’ ಎಂದು ಕೇಳಿದಾಗ ಅವನು ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿ ‘ಇಲ್ಲ ಸಾರ್’ ಎಂದಿದ್ದ. ಕೈ ಬರಿದಾಗಿತ್ತು, ನಿಜ. ಬಾಯಿಯ ವಾಸನೆ ಬೇರೆ ಮಾತು ಹೇಳುತ್ತಿತ್ತು. ಆ ಗಳಿಗೆಯ ಸೇವನೆಯನ್ನು ತಾವು ತೋರಿಸಬೇಕಾಗಿಲ್ಲ, ಆ ಕಾಲದ ಬಾಳ್ವೆಯನ್ನು ತೋರಿಸಿದರೆ ಸಾಕೆಂಬುದು ಸರ್ಕಾರದ ವಕೀಲರ ಪ್ರತಿವಾದ. ಹನ್ನೆರಡು ಮಂದಿ ಜ್ಯೂರಿಗಳು ಸುಮಾರು ಮೂರು ಗಂಟೆ ಆಲೋಚಿಸಿ, ಜೂನ್ 11ರಂದು ಮೂರು ಆಪಾದನೆಗಳಲ್ಲಿಯೂ ಅಪರಾಧಿಯೆಂದು ತೀರ್ಮಾನ ಕೊಟ್ಟರು.

ಇಲ್ಲಿ ನಮ್ಮ ಮಾತೊಂದನ್ನು ನೆನೆಯಬೇಕು. ‘ವ್ಯಸನ’ ಎಂದರೆ ಚಟವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಸಾವಿನ ಸುದ್ದಿ ಕೇಳಿ ‘ಬಹಳ ವ್ಯಸನವಾಯಿತು’ ಎನ್ನುವವರೂ ನಾವೇ. ಚಟಕ್ಕೂ ದುಃಖಕ್ಕೂ ಹಿರಿಯರು ಒಂದೇ ಮಾತನ್ನು ಇಟ್ಟಿದ್ದಾರೆ. ಹಂಟರನಿಗೆ ಮೂರು ವರ್ಷ ತುಂಬುವ ಮುನ್ನ, 1972ರ ಡಿಸೆಂಬರಿನಲ್ಲಿ, ಒಂದು ಕಾರಿನ ಅಪಘಾತದಲ್ಲಿ ತಾಯಿಯೂ ತಂಗಿಯೂ ತೀರಿಕೊಂಡರು. ಅದೇ ಕಾರಿನಲ್ಲಿದ್ದ ಅವನೂ ಅಣ್ಣ ಬೋ ಬೈಡನ್ನನೂ ಗಾಯಗೊಂಡು ಉಳಿದರು. ಆ ಅಣ್ಣನೂ 2015ರಲ್ಲಿ ಮೆದುಳಿನ ಕ್ಯಾನ್ಸರಿನಿಂದ ತೀರಿಹೋದ. ದುಃಖಪಟ್ಟವರೆಲ್ಲ ಚಟಕ್ಕೆ ಬೀಳುವುದಿಲ್ಲ; ಬಿದ್ದವರ ಹೊಣೆಯೂ ಅದರಿಂದ ಕಳೆಯುವುದಿಲ್ಲ. ಆದರೆ ಈ ಒಂದು ಮಾತಿನ ಎರಡು ಅರ್ಥಗಳನ್ನೂ ತಿಳಿಯದೆ ಇಂಥ ಖಟ್ಲೆ ನಮಗೆ ಪೂರ್ತಿ ಅರ್ಥವಾಗುವುದಿಲ್ಲ. ಫಾರಮಿನ ಚೌಕದಲ್ಲಿ ಒಂದು ಅರ್ಥಕ್ಕೆ ಮಾತ್ರ ಜಾಗವಿತ್ತು.

ಮುಂದಿನದು ತಂದೆಯ ಕಥೆ. ವಿಚಾರಣೆಯ ದಿನಗಳಲ್ಲಿ ಅಧ್ಯಕ್ಷ ಬೈಡನ್ನರು, ಜ್ಯೂರಿಯ ತೀರ್ಪನ್ನು ಒಪ್ಪುತ್ತೇನೆ, ಮಗನಿಗೆ ಕ್ಷಮಾದಾನ ಮಾಡುವುದಿಲ್ಲ ಎಂದಿದ್ದರು. ಹಂಟರ್ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ತೆರಿಗೆ ಮೊಕದ್ದಮೆಯಲ್ಲಿ ಒಂಬತ್ತು ತಪ್ಪುಗಳನ್ನು ಒಪ್ಪಿಕೊಂಡ. ಎರಡು ಮೊಕದ್ದಮೆಗಳಲ್ಲಿಯೂ ಶಿಕ್ಷೆ ಗೊತ್ತಾಗಬೇಕಾಗಿದ್ದದ್ದು ಡಿಸೆಂಬರಿನಲ್ಲಿ. ಡಿಸೆಂಬರ್ 1ರಂದು ತಂದೆ ಪೂರ್ಣ ಕ್ಷಮಾದಾನಕ್ಕೆ ರುಜು ಹಾಕಿದರು; ಅದು ಬರಿಯ ಆ ಎರಡು ಮೊಕದ್ದಮೆಗಳಿಗಲ್ಲ, 2014ರ ಜನವರಿಯಿಂದ ಆ ದಿನದವರೆಗಿನ ಹನ್ನೊಂದು ವರ್ಷಕ್ಕೆ ಹತ್ತಿರದ ಕಾಲಕ್ಕೆಲ್ಲ. ಬೇರೆ ಅಪರಾಧ ಸೇರದೆ ಕೇವಲ ಫಾರಂ ತುಂಬಿದ ಬಗೆಗೆ ಇಷ್ಟು ದೊಡ್ಡ ಆಪಾದನೆ ಹೊರಿಸುವುದೇ ಇಲ್ಲವೆನ್ನಬೇಕು, ನನ್ನ ಮಗನೆಂಬ ಕಾರಣಕ್ಕೆ ಅವನನ್ನು ಆರಿಸಿ ಹಿಡಿದರು ಎಂಬುದು ಅವರು ಕೊಟ್ಟ ಕಾರಣ. ಆದರೆ ವೈಸ್ ಅವರನ್ನು ವಿಶೇಷ ಅಭಿಯೋಜಕರಾಗಿ ನೇಮಿಸಿದ್ದು ಬೈಡನ್ನರದೇ ಸರ್ಕಾರದ ನ್ಯಾಯಾಂಗ ಇಲಾಖೆಯಲ್ಲವೆ ಎಂದು ಕೇಳಿದವರೂ ಉಂಟು.

ಬಂಧುವಿಗೆ ಕ್ಷಮಾದಾನ ಕೊಟ್ಟವರಲ್ಲಿ ಅವರೇ ಮೊದಲಿಗರಲ್ಲ. 2001ರ ಜನವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ನರು ಕೊಕೇನಿನ ಅಪರಾಧಕ್ಕೆ ಸಿಕ್ಕಿದ್ದ ತಮ್ಮ ಮಲತಮ್ಮನನ್ನು ಕ್ಷಮಿಸಿದ್ದರು. ಅಮೆರಿಕದ ಸಂವಿಧಾನ ಈ ಅಧಿಕಾರವನ್ನು ಅಧ್ಯಕ್ಷರೊಬ್ಬರ ಕೈಗೇ ಕೊಟ್ಟಿದೆ. ನಮ್ಮ ಸಂವಿಧಾನದ 72ನೆಯ ವಿಧಿಯಲ್ಲಿಯೂ ರಾಷ್ಟ್ರಪತಿಗಳಿಗೆ ಕ್ಷಮಾದಾನದ ಅಧಿಕಾರವಿದೆ. ಆದರೆ ಅದನ್ನು ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಸಬೇಕು. ತಂದೆ ಮತ್ತು ಪ್ರಭು ಒಬ್ಬನೇ ಆದಾಗ ನಡುವೆ ಇನ್ನೊಂದು ಬಾಯಿ ಇರುವುದು ಒಳ್ಳೆಯದೇನೋ ಎಂದು ಈ ಕಥೆಯನ್ನು ಓದಿದಾಗ ಅನ್ನಿಸುತ್ತದೆ.

ಮಗನ ಜಾಗದಲ್ಲಿ ನಿಮ್ಮ ಮಗನನ್ನು ಇಟ್ಟು ನೋಡಿ. ರುಜು ಹಾಕುವ ಲೇಖನಿ ನಿಮ್ಮ ಕೈಯಲ್ಲಿದೆ. ಹಾಕುವುದಿಲ್ಲವೆಂದು ನಿಸ್ಸಂಕೋಚವಾಗಿ ಹೇಳುವ ತಾಯ್ತಂದೆಗಳು ನಮ್ಮಲ್ಲಿ ಎಷ್ಟು ಮಂದಿ? ನಾನು ಅವರಲ್ಲಿ ಒಬ್ಬನೆಂದು ಹೇಳಲಾರೆ. ಹಾಗೆಂದು, ಅದೇ ಕಲಮಿನಡಿ ಸೆರೆಯಲ್ಲಿರುವ, ಅಧ್ಯಕ್ಷ ತಂದೆಯಿಲ್ಲದ ಮಕ್ಕಳ ತಾಯ್ತಂದೆಗಳಿಗೆ ಏನು ಉತ್ತರ? ಎರಡು ಪ್ರಶ್ನೆಗಳೂ ನಿಜವಾದವು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಕ್ಷಮಾದಾನವೂ ಎಲ್ಲವನ್ನೂ ಅಳಿಸಲಿಲ್ಲ. 2025ರಲ್ಲಿ ಹಂಟರ್ ವಾಷಿಂಗ್ಟನ್ನಿನ ತನ್ನ ವಕೀಲಿ ಸನ್ನದನ್ನು ಬಿಟ್ಟುಕೊಡಬೇಕಾಯಿತು. ಮಾದಕ ಬಳಸುವವರಿಗೆ ಬಂದೂಕನ್ನು ನಿಷೇಧಿಸುವ ಕಲಮು ಸಂವಿಧಾನಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯನ್ನು, ಬೇರೊಬ್ಬನ ಮೊಕದ್ದಮೆಯಲ್ಲಿ, ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2025ರ ಅಕ್ಟೋಬರಿನಲ್ಲಿ ವಿಚಾರಣೆಗೆ ಎತ್ತಿಕೊಂಡಿತು.

2019ರಿಂದ ತಾನು ಮದ್ಯ ಮಾದಕಗಳಿಂದ ದೂರವಿದ್ದೇನೆಂದು ಹಂಟರ್ ಹೇಳಿಕೊಂಡಿದ್ದಾನೆ. ಹಾಗಿದ್ದರೆ ಆ ಪ್ರಶ್ನೆಗೆ ಅಂದು ಕೊಟ್ಟ ಉತ್ತರ, ತಡವಾಗಿ, ನಿಜವಾಯಿತು. ಅಷ್ಟು ಹೊತ್ತಿಗೆ ಅದನ್ನು ಕೇಳುವವರು ಯಾರೂ ಇರಲಿಲ್ಲ.

ನಮ್ಮೂರಿನಲ್ಲಿ ಅಂಗಡಿಗೆ ಹೋಗಿ ರಿವಾಲ್ವರು ಕೊಳ್ಳುವ ಮಾತು ದೂರ. ಆದರೆ ಆ ಫಾರಮಿನ ಪ್ರಶ್ನೆಯನ್ನು ನಾವು ನಮ್ಮ ಮನೆಗಳಲ್ಲಿ ಕೇಳಬೇಕಾದ ದಿನಗಳಿವು. ಪ್ರಾಯಕ್ಕೆ ಬಂದ ಮಗನೊಬ್ಬನು ಊಟಕ್ಕೆ ತಡವಾಗಿ ಬರುತ್ತಾನೆ, ಕಣ್ಣು ತಪ್ಪಿಸುತ್ತಾನೆ, ಕೇಳಿದರೆ ‘ಏನೂ ಇಲ್ಲ’ ಎನ್ನುತ್ತಾನೆ. ಆ ‘ಇಲ್ಲ’ವನ್ನು ಹಿಡಿದು ಬೈಯುವುದು ಸುಲಭ, ನಂಬಿ ಮಲಗುವುದು ಇನ್ನೂ ಸುಲಭ. ‘ಹೌದು’ ಎಂದರೆ ಮನೆಯ ಬಾಗಿಲು ಮುಚ್ಚುವುದಿಲ್ಲವೆಂಬ ಧೈರ್ಯ ಅವನಿಗೆ ಇರುವಂತೆ ಕೇಳುವುದು ಕಷ್ಟ. ಸಾಧ್ಯವಾದರೆ ಇಂದು ರಾತ್ರಿ, ಊಟವಾದ ಮೇಲೆ, ರೇಡಿಯೋವನ್ನು ಆರಿಸಿ, ಹಾಗೆ ಕೇಳಿ ನೋಡಿ.